ಈಜು ಬಿಡಿಸುವ ಮುನ್ನ

ಬ್ರಿಟನ್ನಿನ ಕನ್ನಡ ಕುಟುಂಬಗಳು ಕಲೆಯುವ ಕಡೆಗಳಲ್ಲಿ ವೈದ್ಯನಾದವನು ಎದುರಿಸುವ ಪ್ರಶ್ನೆಗಳ ಪೈಕಿ ಒಂದು ಪ್ರಶ್ನೆ ಪ್ರತಿವರ್ಷವೂ ತಪ್ಪದೆ ಬರುತ್ತದೆ. ಶಾಲೆಯಲ್ಲಿ ಈಜಿನ ಪಾಠಗಳು ಆರಂಭವಾಗಿ ನಾಲ್ಕಾರು ವಾರಗಳು ಕಳೆದಿರುತ್ತವೆ. ಮಗುವಿನ ಕಣ್ಣು ಕೆಂಪಾಗಿದೆ, ಮೂಗು ಸೋರುತ್ತಿದೆ, ಮೊಣಕೈ ಮಡಿಕೆಯಲ್ಲಿ ತುರಿಕೆ ಎದ್ದಿದೆ, ರಾತ್ರಿ ಕೆಮ್ಮು ಬರುತ್ತದೆ. ತಂದೆಯೋ ತಾಯಿಯೋ ಹತ್ತಿರ ಬಂದು, "ಡಾಕ್ಟ್ರೇ, ಇವಳಿಗೆ ಕ್ಲೋರಿನ್ ಅಲರ್ಜಿ. ಸ್ವಿಮ್ಮಿಂಗ್ ಬಿಡಿಸಬೇಕು, ಶಾಲೆಗೆ ಒಂದು ಪತ್ರ ಬರೆದುಕೊಡ್ತೀರಾ?" ಎಂದು ಕೇಳುತ್ತಾರೆ. ಊರಿನಿಂದ ವಿಡಿಯೊ ಕರೆಯಲ್ಲಿ ಹಿರಿಯರ ತೀರ್ಪು ಅಷ್ಟರಲ್ಲಾಗಲೇ ಬಂದಿರುತ್ತದೆ: ಆ ಔಷಧಿ ನೀರು ಮಗುವಿಗೆ ಒಗ್ಗುತ್ತಿಲ್ಲ, ಬಿಡಿಸಿಬಿಡಿ.

ಅಂಥ ಪತ್ರವನ್ನು ಬಹುಪಾಲು ಸಂದರ್ಭಗಳಲ್ಲಿ ಬರೆಯಬಾರದು, ಕೇಳಲೂಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಗುವಿನ ತೊಂದರೆ ನಿಜವೇ. ಆದರೆ ಅದಕ್ಕೆ ಇಟ್ಟಿರುವ ಹೆಸರು ತಪ್ಪು. ಆ ಹೆಸರನ್ನು ನಂಬಿ ಆರಿಸಿಕೊಂಡ ಪರಿಹಾರ ಅದಕ್ಕಿಂತಲೂ ದೊಡ್ಡ ತಪ್ಪು. ಊರಿನಲ್ಲಿದ್ದು ಮೊಮ್ಮಕ್ಕಳ ಆರೋಗ್ಯಕ್ಕಾಗಿ ಚಡಪಡಿಸುವ ಹಿರಿಯರಿಗೂ, ಮಕ್ಕಳೊಡನೆ ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ತರುಣ ದಂಪತಿಗಳಿಗೂ ಇದನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯವೆಂದು ತೋರುತ್ತದೆ.

ಮೊದಲು, ಬಿಡಿಸಿದರೆ ಕಳೆದುಕೊಳ್ಳುವುದೇನು ಎಂಬುದನ್ನು ನೋಡೋಣ. ಇಂಗ್ಲೆಂಡಿನ ರಾಷ್ಟ್ರೀಯ ಪಠ್ಯಕ್ರಮದ ಪ್ರಕಾರ ಪ್ರಾಥಮಿಕ ಶಾಲೆ ಮುಗಿಯುವ ಹೊತ್ತಿಗೆ, ಅಂದರೆ ಸುಮಾರು 11ನೆಯ ವಯಸ್ಸಿಗೆ, ಮಗು ಕನಿಷ್ಠ 25 ಮೀಟರ್ ದೂರವನ್ನು ಧೈರ್ಯದಿಂದ ಈಜಬಲ್ಲುದಾಗಿರಬೇಕು; ನೀರಿನಲ್ಲಿ ಅಪಾಯ ಎದುರಾದಾಗ ತನ್ನನ್ನು ತಾನು ಕಾಪಾಡಿಕೊಳ್ಳುವುದನ್ನೂ ಕಲಿತಿರಬೇಕು. ಸುತ್ತಲೂ ಸಮುದ್ರವಿರುವ, ಊರೂರಿಗೂ ನದಿ ಕಾಲುವೆಗಳಿರುವ ದೇಶದಲ್ಲಿ ಈಜನ್ನು ರಸ್ತೆ ದಾಟುವ ಕಲಿಕೆಯಂತೆಯೇ ಪರಿಗಣಿಸಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಮೃತಪಟ್ಟರು; ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ 29 ವರ್ಷದೊಳಗಿನವರು. 2024ರ ಏಪ್ರಿಲ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಲಿನ್ ಆಫ್ ಟಮ್ಮೆಲ್ ಜಲಪಾತದ ಬಳಿ ಭಾರತದಿಂದ ಓದಲು ಬಂದಿದ್ದ ಇಬ್ಬರು ತರುಣರು ನೀರುಪಾಲಾದ ಸುದ್ದಿಯನ್ನು ಓದುಗರಲ್ಲಿ ಕೆಲವರಾದರೂ ನೆನಪಿಟ್ಟಿರಬಹುದು. ಈಜು ಬಲ್ಲವರೆಲ್ಲ ಎಂಥ ನೀರಿನಲ್ಲಿಯೂ ಸುರಕ್ಷಿತರೆಂದು ನಾನು ಹೇಳಲಾರೆ. ಇಲ್ಲಿನ ನದಿಗಳ ಕೊರೆಯುವ ತಣ್ಣೀರು ನುರಿತವರನ್ನೂ ಸೋಲಿಸೀತು. ಆದರೆ ನೀರಿನ ಸ್ವಭಾವವನ್ನು ಬಾಲ್ಯದಲ್ಲಿಯೇ ಅರಿತವರಿಗೂ ಏನೂ ಅರಿಯದವರಿಗೂ ವ್ಯತ್ಯಾಸವಿದ್ದೇ ಇದೆ.

ಇನ್ನು ಅಲರ್ಜಿಯ ಮಾತು. ವೈದ್ಯಶಾಸ್ತ್ರದಲ್ಲಿ ಅಲರ್ಜಿಯೆಂದರೆ ದೇಹದ ರೋಗನಿರೋಧಕ ವ್ಯವಸ್ಥೆ ಒಂದು ನಿರಪಾಯಕಾರಿ ವಸ್ತುವನ್ನು ಶತ್ರುವೆಂದು ಗುರುತಿಸಿ ಅದರ ವಿರುದ್ಧ ಏಳುವುದು. ಕಡಲೆಕಾಯಿ ತಿಂದಾಗ ಕೆಲವರ ತುಟಿ ಊದಿಕೊಳ್ಳುವುದು, ಹೂವಿನ ಪರಾಗಕ್ಕೆ ಸೀನು ಬರುವುದು ಇದಕ್ಕೆ ಉದಾಹರಣೆ. ಈಜುಕೊಳದಲ್ಲಿ ಬಹುಮಟ್ಟಿಗೆ ನಡೆಯುವುದು ಅದಲ್ಲ, ಅದು ಕೆರಳಿಕೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುವಾಗ ಮನೆಮಂದಿಯೆಲ್ಲ ಕೆಮ್ಮುತ್ತಾರೆ. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ಬರುತ್ತದೆ. ಅದನ್ನು ಯಾರೂ ಮೆಣಸಿನಕಾಯಿ ಅಲರ್ಜಿ, ಈರುಳ್ಳಿ ಅಲರ್ಜಿ ಎನ್ನುವುದಿಲ್ಲ. ಘಾಟು ಎನ್ನುತ್ತೇವೆ, ಕಿಟಕಿ ತೆರೆಯುತ್ತೇವೆ. ಈಜುಕೊಳದ ತೊಂದರೆಯೂ ಬಹುಪಾಲು ಇಂಥದೇ ಘಾಟು. ಆದ್ದರಿಂದಲೇ ಕ್ಲೋರಿನ್ ಅಲರ್ಜಿಯನ್ನು ಪತ್ತೆಹಚ್ಚಲೆಂದು ರಜೆಯಲ್ಲಿ ಊರಿಗೆ ಹೋದಾಗ ಸಾವಿರಾರು ರೂಪಾಯಿ ತೆತ್ತು ಹತ್ತಾರು ವಸ್ತುಗಳ ಅಲರ್ಜಿ ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿಲ್ಲ. ಕೆರಳಿಕೆಯನ್ನು ತೋರಿಸುವ ರಕ್ತಪರೀಕ್ಷೆ ಇಲ್ಲ.

ಆ ಘಾಟಾದರೂ ಎಲ್ಲಿಂದ ಬಂತು? ಇಲ್ಲಿಯೇ ನಮ್ಮ ತಿಳಿವಳಿಕೆ ತಲೆಕೆಳಗಾಗಿರುವುದು. ಕೊಳದ ಬಾಗಿಲು ತೆರೆದೊಡನೆ ಮೂಗಿಗೆ ರಾಚುವ ವಾಸನೆಯನ್ನು ನಾವು ಕ್ಲೋರಿನ್ನಿನದೆಂದು ಭಾವಿಸುತ್ತೇವೆ. ವಾಸನೆ ಜೋರಾಗಿದ್ದರೆ ಔಷಧಿ ಹೆಚ್ಚು ಹಾಕಿದ್ದಾರೆ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದು ಕ್ಲೋರಮಿನ್‌ಗಳ ವಾಸನೆ. ನೀರಿಗೆ ಬೆರೆಸಿದ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಅದೇ ಕ್ಲೋರಿನ್ ಈಜುವವರ ಬೆವರು, ಮೈಕೊಳೆ ಮತ್ತು ಮೂತ್ರದಲ್ಲಿರುವ ಯೂರಿಯಾ ಮುಂತಾದ ಸಾರಜನಕದ ಸಂಯುಕ್ತಗಳೊಡನೆ ಬೆರೆತಾಗ ಕ್ಲೋರಮಿನ್‌ಗಳು ಹುಟ್ಟುತ್ತವೆ. ಇವುಗಳಲ್ಲಿ ಟ್ರೈಕ್ಲೋರಮಿನ್ ಎಂಬುದು ಬೇಗನೆ ಆವಿಯಾಗಿ ನೀರಿನ ಮೇಲ್ಮೈಗೆ ಹತ್ತಿಕೊಂಡಂತೆ, ಸರಿಯಾಗಿ ಈಜುವವನ ಮೂಗು ಬಾಯಿಗಳ ಮಟ್ಟದಲ್ಲಿಯೇ ನಿಲ್ಲುತ್ತದೆ. ಕಣ್ಣು ಉರಿಸುವುದೂ ಮೂಗು ಸೋರಿಸುವುದೂ ಕೆಮ್ಮು ತರಿಸುವುದೂ ಮುಖ್ಯವಾಗಿ ಇದೇ. ಚಳಿಯ ದೇಶವಾದ್ದರಿಂದ ಇಲ್ಲಿನ ಕೊಳಗಳು ಬಹುತೇಕ ಮುಚ್ಚಿದ ಕಟ್ಟಡಗಳೊಳಗಿವೆ. ಬೆಚ್ಚಗಿನ ಗಾಳಿಯನ್ನು ಹೊರಬಿಟ್ಟರೆ ಇಂಧನದ ಖರ್ಚು ಏರುತ್ತದೆ. ಗಾಳಿಯಾಡುವಿಕೆಯಲ್ಲಿ ಜಿಪುಣತನ ತೋರಿದ ಕೊಳದಲ್ಲಿ ಘಾಟು ದಟ್ಟವಾಗುತ್ತದೆ. ನಮ್ಮೂರಿನ ಬಯಲುಕೊಳದಲ್ಲಿ ಏನೂ ಆಗದಿದ್ದ ಮಗುವಿಗೆ ಇಲ್ಲಿ ಕೆಮ್ಮು ಬರುವುದರ ಗುಟ್ಟು ಬಹುಮಟ್ಟಿಗೆ ಇದು.

ಹಾಗೆಂದು ಕ್ಲೋರಿನ್ನನ್ನೇ ಶಪಿಸುವುದು ನ್ಯಾಯವಲ್ಲ. 1905ರಲ್ಲಿ ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವಿಷಮಶೀತಜ್ವರ ಹಬ್ಬಿದಾಗ ಅಲೆಗ್ಸಾಂಡರ್ ಹ್ಯೂಸ್ಟನ್ ಎಂಬ ವೈದ್ಯರು ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಿ ಅದನ್ನು ಹತೋಟಿಗೆ ತಂದದ್ದು ಸಾರ್ವಜನಿಕ ಆರೋಗ್ಯದ ಇತಿಹಾಸದ ಮುಖ್ಯ ಘಟ್ಟಗಳಲ್ಲಿ ಒಂದು. ನೂರಾರು ಜನ ಇಳಿಯುವ ಕೊಳಕ್ಕೆ ಸೋಂಕುನಿವಾರಕ ಬೇಕೇಬೇಕು. ಕೆಲವರು "ಉಪ್ಪುನೀರಿನ ಕೊಳ"ಗಳನ್ನು ಹುಡುಕಿಕೊಂಡು ಹೋಗುತ್ತಾರೆ; ಅಲ್ಲಿಯೂ ಯಂತ್ರವೊಂದು ವಿದ್ಯುತ್ತಿನ ನೆರವಿನಿಂದ ಉಪ್ಪಿನಿಂದಲೇ ಕ್ಲೋರಿನ್ ತಯಾರಿಸುತ್ತಿರುತ್ತದೆ ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಈಜುಕೊಳದ ಗಾಳಿ ಮಕ್ಕಳಲ್ಲಿ ಅಸ್ತಮಾ ಹುಟ್ಟಿಸುತ್ತದೆಯೇ ಎಂಬ ಚರ್ಚೆ ವೈದ್ಯರಲ್ಲಿಯೂ ನಡೆದಿದೆ. ಬೆಲ್ಜಿಯಂನ ಆಲ್ಫ್ರೆಡ್ ಬರ್ನಾರ್ಡ್ ಮತ್ತು ಸಂಗಡಿಗರು 2003ರಿಂದೀಚೆಗೆ ಅಂಥ ಸಂದೇಹವನ್ನು ಬಲವಾಗಿ ಮುಂದಿಟ್ಟರು. ಆದರೆ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಜನಿಸಿದ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. 5 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡಿದ್ದ ಅದರಲ್ಲಿ ಈಜುವ ಮಕ್ಕಳಿಗೆ ಅಸ್ತಮಾ ಹೆಚ್ಚೇನೂ ಬರಲಿಲ್ಲ. ಅವರ ಶ್ವಾಸಕೋಶಗಳ ಸಾಮರ್ಥ್ಯ ತುಸು ಮೇಲೆಯೇ ಇತ್ತು. ಅಸ್ತಮಾ ಇರುವ ಮಕ್ಕಳಿಗೆ ಈಜಿನ ತರಬೇತಿ ನೀಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2013ರಲ್ಲಿ ಹೊರಬಂದ ಕಾಕ್ರೇನ್ ಸಮೀಕ್ಷೆಯೂ, ಅಸ್ತಮಾ ಹತೋಟಿಯಲ್ಲಿರುವ ಮಕ್ಕಳು ಈಜನ್ನು ಚೆನ್ನಾಗಿ ತಾಳಿಕೊಳ್ಳುತ್ತಾರೆ, ಅದರಿಂದ ಅವರ ದೇಹದಾರ್ಢ್ಯ ಹೆಚ್ಚುತ್ತದೆ ಎಂದೇ ಹೇಳಿತು. ದಿನವಿಡೀ ಆ ಗಾಳಿಯನ್ನೇ ಉಸಿರಾಡುವ ಈಜುಶಿಕ್ಷಕರಿಗೂ ಜೀವರಕ್ಷಕರಿಗೂ ಕ್ಲೋರಮಿನ್‌ನಿಂದ ಔದ್ಯೋಗಿಕ ಅಸ್ತಮಾ ಬಂದ ಪ್ರಕರಣಗಳು ಬ್ರಿಟನ್ನಿನಲ್ಲಿಯೇ ದಾಖಲಾಗಿವೆ ಎಂಬುದೂ ನಿಜ. ವಾರಕ್ಕೆ ಅರ್ಧ ಗಂಟೆ ನೀರಿಗಿಳಿಯುವ ಮಗುವಿನ ಸ್ಥಿತಿಯನ್ನು ಅದಕ್ಕೆ ಹೋಲಿಸಲಾಗದು.

ಹಾಗಾದರೆ ತೊಂದರೆಪಡುವ ಮಗುವಿಗೆ ಮಾಡಬೇಕಾದದ್ದೇನು? ಉತ್ತರ ಆ ತೊಂದರೆ ಯಾವುದೆಂಬುದನ್ನು ಅವಲಂಬಿಸಿದೆ.

ಚರ್ಮ ಒಣಗಿ ತುರಿಸುವ ಮಕ್ಕಳೇ ಹೆಚ್ಚು. ಇವರಲ್ಲಿ ಅನೇಕರಿಗೆ ಎಕ್ಸಿಮಾ, ನಮ್ಮವರು ಇಸುಬು ಎನ್ನುವುದು, ಮೊದಲಿನಿಂದಲೇ ಇರುತ್ತದೆ. ಇಲ್ಲಿನ ಚಳಿ, ಮನೆಯ ಹೀಟರಿನ ಒಣಗಾಳಿ, ಹಲವು ಊರುಗಳ ಗಡಸು ನೀರು ಅದನ್ನು ಹೆಚ್ಚಿಸಿರುತ್ತವೆ. ಇಂಥ ಮಗುವಿಗೆ ಈಜಿಗೆ ಸಾಕಷ್ಟು ಮುಂಚೆಯೇ ತೊಂದರೆಯಿರುವ ಭಾಗಗಳಿಗೆ ಚರ್ಮದ ತೇವ ಕಾಪಾಡುವ ಮುಲಾಮನ್ನು ಹಚ್ಚಿ ಹೀರಿಕೊಳ್ಳಲು ಬಿಡಬೇಕು. ಈಜು ಮುಗಿದೊಡನೆ ಉಗುರುಬೆಚ್ಚಗಿನ ಸಿಹಿನೀರಿನಲ್ಲಿ ಮೈ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಒರಸಿ, ಮೈ ಇನ್ನೂ ಹಸಿಯಿರುವಾಗಲೇ ಅದೇ ಮುಲಾಮನ್ನು ಧಾರಾಳವಾಗಿ ಹಚ್ಚಬೇಕು. ಚರ್ಮ ಬಿರಿದು ಕೀವು ಸೋರುತ್ತಿದ್ದರೆ ಮಾತ್ರ ವಾಸಿಯಾಗುವವರೆಗೆ ಈಜನ್ನು ಮುಂದೂಡಬೇಕು. ತಲೆಗೆ ಎಣ್ಣೆ ಸುರಿದು ಕೊಳಕ್ಕೆ ಕಳುಹಿಸುವ ಅಭ್ಯಾಸ ಬೇಡ. ಆ ಎಣ್ಣೆ ನೀರಿನ ಹೊರೆಯನ್ನು ಹೆಚ್ಚಿಸುತ್ತದೆ. ಕೂದಲನ್ನು ಮೊದಲೇ ಸಿಹಿನೀರಿನಲ್ಲಿ ನೆನೆಸಿ ಟೊಪ್ಪಿ ಹಾಕಿದರೆ ಸಾಕು. ಕೊಬ್ಬರಿ ಎಣ್ಣೆಯನ್ನು ಮನೆಗೆ ಬಂದ ಮೇಲೆ ಹಚ್ಚಬಹುದು.

ಕಣ್ಣುರಿಗೆ ಸರಿಯಾಗಿ ಕೂರುವ ಈಜುಗನ್ನಡಕವೇ ಔಷಧಿ. ಮೂಗು ಸೋರುವವರಿಗೆ ಮೂಗಿನ ಕ್ಲಿಪ್ಪು ಮತ್ತು ಈಜಿನ ಬಳಿಕ ಉಪ್ಪುನೀರಿನ ಸ್ಪ್ರೇ ನೆರವಾಗುತ್ತವೆ. ಸಾಲದಿದ್ದರೆ ವೈದ್ಯರು ಬೇರೆ ಸ್ಪ್ರೇ ಸೂಚಿಸುತ್ತಾರೆ. ಅಸ್ತಮಾ ಇರುವ ಮಗುವಿಗೆ ದಿನನಿತ್ಯದ ಇನ್‌ಹೇಲರನ್ನು ತಪ್ಪಿಸದಿರುವುದು ಎಲ್ಲಕ್ಕಿಂತ ಮುಖ್ಯ. ವೈದ್ಯರು ಹೇಳಿದ್ದರೆ ನೀರಿಗಿಳಿಯುವ 10-15 ನಿಮಿಷ ಮೊದಲು ನೀಲಿ ಇನ್‌ಹೇಲರ್ ಬಳಸಬೇಕು. ಅದು ಚೀಲದಲ್ಲಿ ಬೀಗದೊಳಗಿರದೆ ಕೊಳದ ಅಂಚಿನಲ್ಲಿ ಶಿಕ್ಷಕರ ಕೈಗೆ ಎಟಕುವಂತಿರಬೇಕು. ವಾರಕ್ಕೆ ಮೂರು ಸಲ ಅಥವಾ ಹೆಚ್ಚು ಬಾರಿ ನೀಲಿ ಇನ್‌ಹೇಲರ್ ಬೇಕಾಗುತ್ತಿದ್ದರೆ ದೂರಬೇಕಾದದ್ದು ಈಜುಕೊಳವನ್ನಲ್ಲ. ಅಸ್ತಮಾ ಹತೋಟಿಯಲ್ಲಿಲ್ಲ ಎಂದರ್ಥ.

ದದ್ದು ಇರುವ ಜಾಗವೂ ಕಾರಣವನ್ನು ಸೂಚಿಸುತ್ತದೆ. ಕಣ್ಣಿನ ಸುತ್ತ ಗನ್ನಡಕದ ಅಚ್ಚಿನಂತೆ, ಹಣೆಯ ಮೇಲೆ ಟೊಪ್ಪಿಯ ಅಂಚಿನಂತೆ ದದ್ದು ಎದ್ದರೆ ಅದು ರಬ್ಬರಿನಲ್ಲಿರುವ ರಾಸಾಯನಿಕಕ್ಕೆ ಬಂದ ನಿಜವಾದ ಅಲರ್ಜಿಯಾಗಿರಬಹುದು. ಸಿಲಿಕೋನಿನ ಸಲಕರಣೆ ಕೊಂಡರೆ ಮುಗಿಯಿತು. ಈಜುಡುಗೆ ಮುಚ್ಚಿದ ಭಾಗದಲ್ಲಿ ಒಂದೆರಡು ದಿನಗಳ ನಂತರ ಕೆಂಪು ಗುಳ್ಳೆಗಳೆದ್ದರೆ, ಅದು ಬಿಸಿನೀರಿನ ಗುಳ್ಳೆತೊಟ್ಟಿಗಳಲ್ಲಿ ಸೋಂಕುನಿವಾರಕ ಸಾಲದಾದಾಗ ಬೆಳೆಯುವ ಸ್ಯೂಡೋಮೊನಾಸ್ ಎಂಬ ರೋಗಾಣುವಿನ ಕೆಲಸವಿರಬಹುದು. ಕ್ಲೋರಿನ್ ಹೆಚ್ಚಾಯಿತೆಂದು ನಾವು ದೂರುವ ತೊಂದರೆ ಇಲ್ಲಿ ಅದು ಕಡಿಮೆಯಾದದ್ದರಿಂದ ಬಂದಿರುತ್ತದೆ.

ಇವೆಲ್ಲದರ ನಡುವೆ ಹಗುರಾಗಿ ತೆಗೆದುಕೊಳ್ಳಬಾರದ ಸ್ಥಿತಿಯೊಂದಿದೆ. ನೀರಿನಿಂದ ಹೊರಬಂದ ನಿಮಿಷಗಳಲ್ಲಿ ಮೈಮೇಲೆ ಪಿತ್ತದ ಗಂಧೆಗಳೇಳುವುದು, ಚಳಿಗಾಳಿಗೆ ಮುಖ ಊದುವುದು, ಐಸ್‌ಕ್ರೀಂ ತಿಂದಾಗ ತುಟಿ ದಪ್ಪವಾಗುವುದು, ಇವು ತಣ್ಣನೆಯ ಸ್ಪರ್ಶಕ್ಕೆ ಏಳುವ ಗಂಧೆಯ ಲಕ್ಷಣಗಳು. ಇದು ಇರುವವರು ತಣ್ಣೀರಿಗೆ ಧುಮುಕಿದರೆ ರಕ್ತದೊತ್ತಡ ಕುಸಿದು ನೀರಿನಲ್ಲಿಯೇ ಪ್ರಜ್ಞೆ ತಪ್ಪಬಹುದು. ಇಂಥ ಮಗು ತಜ್ಞರ ಪರೀಕ್ಷೆಯಾಗುವವರೆಗೆ ಈಜಬಾರದು. ಈ ಮಗುವಿಗಾಗಿ ನಾನು ಪತ್ರವನ್ನು ಅಂದೇ ಬರೆಯುತ್ತೇನೆ. ಈಜಿನ ವೇಳೆ ಗಂಧೆಯೊಡನೆ ಉಸಿರುಗಟ್ಟುವಿಕೆ, ಗಂಟಲು ಬಿಗಿತ, ತಲೆಸುತ್ತು ಕಾಣಿಸಿಕೊಂಡರೆ ತಡಮಾಡದೆ 999ಕ್ಕೆ ಕರೆ ಮಾಡಬೇಕು. ಎಲ್ಲ ತುರಿಕೆಯನ್ನೂ ಅಲರ್ಜಿ ಎಂದು ಕರೆಯುವುದರಲ್ಲಿ ಇರುವ ಅಪಾಯವೂ ಇದೇ: ನೂರು ಸುಳ್ಳು ಅಲರ್ಜಿಗಳ ನಡುವೆ ಒಂದು ನಿಜವಾದದ್ದು ಕಾಣದೆ ಹೋದೀತು.

ಊರಿನಿಂದ ಬರುವ ಔಷಧಿಗಳ ಬಗೆಗೂ ಒಂದು ಮಾತು. ಪ್ರೀತಿಯಿಂದ ಸೂಟ್‌ಕೇಸಿನಲ್ಲಿ ತುಂಬಿ ಕಳುಹಿಸುವ ಅವಿಲ್ ಮಾತ್ರೆ ನಿದ್ದೆಯ ಮಂಪರು ತರಿಸುತ್ತದೆ. ಅದನ್ನು ನುಂಗಿಸಿ ಮಗುವನ್ನು ನೀರಿಗಿಳಿಸುವುದು ಅಪಾಯಕರ. ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರನ್ನೂ ಬೆರೆಸಿದ ಮುಲಾಮುಗಳು ನಮ್ಮಲ್ಲಿ ಅಂಗಡಿಯಲ್ಲಿ ಕೇಳಿದೊಡನೆ ಸಿಗುತ್ತವೆ. ಹಚ್ಚಿದ ಎರಡು ದಿನ ತುರಿಕೆ ಮಾಯವಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಮಗುವಿನ ಚರ್ಮ ಕಾಗದದಂತೆ ತೆಳುವಾಗುತ್ತದೆ. ಇಂಗ್ಲೆಂಡಿನಲ್ಲಿ ಸಣ್ಣಪುಟ್ಟ ಚರ್ಮದ ತೊಂದರೆಗಳಿಗೆ ಫಾರ್ಮಸಿಸ್ಟರ ಸಲಹೆ ಉಚಿತವಾಗಿ ಸಿಗುತ್ತದೆ. ಮಕ್ಕಳಿಗೆ ವೈದ್ಯರು ಬರೆದುಕೊಟ್ಟ ಔಷಧಿಗೂ ಹಣವಿಲ್ಲ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಘಾಟಿಗೆ ಕಾರಣ ನಮ್ಮ ಮೈಕೊಳೆಯಾದರೆ ಪರಿಹಾರವೂ ನಮ್ಮಲ್ಲಿಯೇ ಇದೆ. ನೀರಿಗಿಳಿಯುವ ಮುನ್ನ ಒಂದು ನಿಮಿಷ ಮೈ ತೊಳೆದರೆ ದೇಹದ ಮೇಲಿನ ಕೊಳೆಯ ಬಹುಪಾಲು ಹೋಗುತ್ತದೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವೂ ಹೇಳುತ್ತದೆ. ಬ್ರಿಟನ್ನಿನ ಮಾರ್ಗಸೂಚಿ ಕ್ಲೋರಮಿನ್ ರೂಪದಲ್ಲಿ ಬೆರೆತ ಕ್ಲೋರಿನ್ನಿಗೆ ಲೀಟರಿಗೆ 1 ಮಿಲಿಗ್ರಾಂ ತನಕ ಅವಕಾಶ ಕೊಟ್ಟರೆ, ಜರ್ಮನಿಯ ಮಾನದಂಡದ ಮಿತಿ 0.2 ಮಿಲಿಗ್ರಾಂ. ಅಲ್ಲಿ ಸೋಪು ಹಚ್ಚಿ ಮೈ ತೊಳೆಯದೆ ಕೊಳಕ್ಕಿಳಿಯುವುದನ್ನು ಅಸಭ್ಯತೆಯೆಂದೇ ಬಗೆಯುತ್ತಾರೆ. ಇಲ್ಲಿ ಶವರಿನ ಬಳಿ ಫಲಕವಿರುತ್ತದೆ. ಅದನ್ನು ಓದಿ ಮುಂದೆ ಹೋಗುವವರೇ ಹೆಚ್ಚು. ಮೈ ತೊಳೆಯದೆ ಅಡುಗೆಮನೆಗೂ ದೇವರಮನೆಗೂ ಕಾಲಿಡದಂತೆ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಕ್ಕಳನ್ನು ಈಜಿಗೆ ಮುಂಚೆ ಶೌಚಾಲಯಕ್ಕೆ ಕಳುಹಿಸುವುದು, ಮೈ ತೊಳೆಸುವುದು ನಮ್ಮ ಪಾಲಿನ ಕರ್ತವ್ಯ. ಕೊಳದಲ್ಲಿ ಘಾಟು ದಟ್ಟವಾಗಿದ್ದರೆ ವ್ಯವಸ್ಥಾಪಕರನ್ನು ಕಂಡು ನೀರಿನ ಪರೀಕ್ಷೆಯ ದಾಖಲೆ ಕೇಳುವುದು, ಗಾಳಿಯಾಡುವಿಕೆ ಸರಿಯಿದೆಯೇ ಎಂದು ವಿಚಾರಿಸುವುದು ನಮ್ಮ ಹಕ್ಕು. ಇಲ್ಲಿಗೆ ಬಂದ ನಮ್ಮವರು ತೆರಿಗೆಯನ್ನು ತಪ್ಪದೆ ಕಟ್ಟುತ್ತಾರೆ, ಪ್ರಶ್ನೆಯನ್ನು ಮಾತ್ರ ಕೇಳುವುದಿಲ್ಲ. ಮಗುವನ್ನು ಮೌನವಾಗಿ ಬಿಡಿಸುವ ಬದಲು ಪ್ರಶ್ನೆ ಕೇಳಿದರೆ ಎಲ್ಲರ ಮಕ್ಕಳಿಗೂ ಒಳ್ಳೆಯದಾದೀತು.

ಅಪ್ರಿಯವಾದರೂ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಪತ್ರ ಕೇಳಿ ಬರುವವರಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಪೋಷಕರೇ ಹೆಚ್ಚೆಂಬುದು ನನ್ನ ಅನುಭವ. ಸ್ವಲ್ಪ ಮಾತನಾಡಿಸಿದರೆ ತುರಿಕೆಯ ಹಿಂದೆ ಬೇರೆ ಅಳುಕುಗಳು ಹೊರಬರುತ್ತವೆ: ಮಗಳು ಕಪ್ಪಾಗುತ್ತಾಳೆ, ಕೂದಲು ಹಾಳಾಗುತ್ತದೆ, ಈಜುಡುಗೆ ಮುಜುಗರ ತರುತ್ತದೆ. ಮುಚ್ಚಿದ ಕಟ್ಟಡದೊಳಗಿನ ಕೊಳದಲ್ಲಿ ಬಿಸಿಲೇ ಇಲ್ಲ; ಕಪ್ಪಾಗುವ ಮಾತು ದೂರವೇ ಉಳಿಯಿತು. ಉಡುಗೆಯ ಮುಜುಗರ ನಿಜವಾದದ್ದಾದರೆ ಅದನ್ನು ಶಾಲೆಗೆ ನೇರವಾಗಿ ಹೇಳಿ; ಮೈತುಂಬ ಮುಚ್ಚುವ ಈಜುಡುಗೆಗೆ ಅನೇಕ ಕೊಳಗಳಲ್ಲಿ ಅವಕಾಶವಿದೆ. ಇಲ್ಲದ ಕಾಯಿಲೆಯನ್ನು ಮಗಳ ಹೆಸರಿಗೆ ಬರೆಸಿದರೆ ಅವಳು ಅದನ್ನು ನಂಬಿಕೊಂಡೇ ಬೆಳೆಯುತ್ತಾಳೆ, ನೀರಿಗೆ ಅಂಜುತ್ತಲೇ ಬದುಕುತ್ತಾಳೆ.

ನಮ್ಮ ಹಳ್ಳಿಗಳಲ್ಲಿ ಸೊಂಟಕ್ಕೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿ ಮಕ್ಕಳನ್ನು ಬಾವಿಗಿಳಿಸುತ್ತಿದ್ದ ಹಿರಿಯರಿಗೆ ಈಜಿನ ಬೆಲೆ ಗೊತ್ತಿತ್ತು. ನೀರು ಕಣ್ಣಿಗೆ ಹೋಯಿತೆಂದು, ಮೂಗಿಗೆ ಏರಿತೆಂದು ಅವರು ಕಲಿಸುವುದನ್ನು ನಿಲ್ಲಿಸಲಿಲ್ಲ. ಇಲ್ಲಿಗೆ ಬರಲು ಅಣಿಯಾಗುತ್ತಿರುವವರು ವೀಸಾ, ಶಾಲೆ, ಮನೆಬಾಡಿಗೆಗಳ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಲಿ. ಸಾಧ್ಯವಾದರೆ ಹೊರಡುವ ಮುನ್ನವೇ ಮಕ್ಕಳನ್ನು ಹತ್ತಿರದ ಕೊಳಕ್ಕೆ ಸೇರಿಸಿ. ಅಸ್ತಮಾ, ಇಸುಬು, ನಿಜವಾದ ಅಲರ್ಜಿಗಳಿದ್ದರೆ ಅವುಗಳ ದಾಖಲೆಯನ್ನೂ ಔಷಧಿಗಳ ರಾಸಾಯನಿಕ ಹೆಸರುಗಳನ್ನೂ ಬರೆಸಿಕೊಂಡು ಬನ್ನಿ. ನಮ್ಮ ಬ್ರ್ಯಾಂಡಿನ ಹೆಸರು ಇಲ್ಲಿನ ವೈದ್ಯರಿಗೆ ತಿಳಿಯುವುದಿಲ್ಲ. ಬಂದೊಡನೆ ವೈದ್ಯರಲ್ಲಿ ನೋಂದಾಯಿಸಿಕೊಳ್ಳಿ, ಶಾಲೆಗೂ ಈ ವಿವರ ಕೊಡಿ. ಊರಿನಲ್ಲಿರುವ ಹಿರಿಯರು ಮೊಮ್ಮಕ್ಕಳ ತುರಿಕೆಯನ್ನು ವಿಚಾರಿಸುವುದರ ಜೊತೆಗೆ ಎಷ್ಟು ದೂರ ಈಜಿದರೆಂಬುದನ್ನೂ ಕೇಳಲಿ. ಕೆಂಪಾದ ಕಣ್ಣು ಸಂಜೆಯೊಳಗೆ ತಿಳಿಯಾಗುತ್ತದೆ, ತುರಿಕೆ ಮುಲಾಮಿಗೆ ಬಗ್ಗುತ್ತದೆ. ಕಲಿತ ಈಜು ಮಾತ್ರ ಆಯುಷ್ಯವಿರುವ ತನಕ ಜೊತೆಗಿರುತ್ತದೆ.